ಲಿನಕ್ಸಲ್ಲಿ ರೆಸ್ಯೂಮೆ ಮಾಡೋಕೆ ಆಫ್‌ಲೈನ್ ಸಾಫ್ಟ್‌ವೇರ್ ಇದ್ಯಾ? ಇಲ್ದಿದ್ರೆ ನಾವೇ ಮಾಡ್ಕೋಬೋದಾ?

ಲ್ಯಾಬ್_ಮೇಷ್ಟ್ರು:
ಎಲ್ರಿಗೂ ನಮಸ್ಕಾರ. ತಾಲ್ಲೂಕು ಕೇಂದ್ರದ ಡಿಗ್ರಿ ಕಾಲೇಜೊಂದ್ರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡ್ಕೊಳ್ತೀನಿ. ಎಲ್ಲಾ ಹಳೇ ಮಷಿನ್ನುಗಳು, 4 ಜಿಬಿ ರ‍್ಯಾಮು, ವಿಂಡೋಸ್ ಎಳೀತಾನೇ ಇರ್ಲಿಲ್ಲ ಅಂತ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ (ವಿಂಡೋಸ್ ಬದ್ಲು ಹಾಕೋ ಹಗುರವಾದ ಒಂದು ಲಿನಕ್ಸ್) ಹಾಕಿದೀವಿ, ಈಗ ಆರಾಮಾಗಿ ಓಡ್ತಿದೆ. ಸಮಸ್ಯೆ ಏನಂದ್ರೆ ಬಿಸಿಎ, ಬಿಕಾಂ ಫೈನಲ್ ಇಯರ್ ಮಕ್ಕಳಿಗೆ ರೆಸ್ಯೂಮೆ ಬೇಕು. ಮೊಬೈಲಲ್ಲಿ ಯಾವ್ದೋ ಸೈಟಿಗೆ ಹೋಗಿ ಅರ್ಧ ಗಂಟೆ ಕೂತು ಎಲ್ಲಾ ತುಂಬ್ತಾರೆ, ಡೌನ್‌ಲೋಡ್ ಒತ್ತಿದಾಗ ದುಡ್ಡು ಕಟ್ಟು ಅನ್ನತ್ತೆ. ಇಲ್ಲಾಂದ್ರೆ ಬಸ್ ಸ್ಟ್ಯಾಂಡ್ ಹತ್ರದ ಜೆರಾಕ್ಸ್ ಅಂಗಡಿ, ಅಲ್ಲಿ ಒಂದೇ ಫೈಲು ತಲೆಮಾರಿನಿಂದ ಬಂದಿದೆ, ಹೆಸರು ಬದಲಾಯಿಸಿ ಕೊಡ್ತಾರೆ, ಇಡೀ ಕ್ಲಾಸಿನ ಹವ್ಯಾಸ ಕ್ರಿಕೆಟ್ ಆಡೋದು ಮತ್ತು ಹಾಡು ಕೇಳೋದು.

ನನಗೆ ಬೇಕಾಗಿರೋದು ಇಷ್ಟೇ, ನೆಟ್ ಇಲ್ದೇ ನಡೀಬೇಕು (ನಮ್ ಲ್ಯಾಬಿನ ನೆಟ್ ಬಗ್ಗೆ ಮಾತಾಡೋದೇ ಬೇಡ), ಮಕ್ಕಳು ಫಾರಂ ತುಂಬಿದ ಹಾಗೆ ತುಂಬ್ಬೇಕು, ನೀಟಾಗಿ ಪಿಡಿಎಫ್ ಬರ್ಬೇಕು. ಕೆಲವರಿಗೆ ಕನ್ನಡದಲ್ಲೂ ಬಯೋಡೇಟಾ ಬೇಕಾಗತ್ತೆ. ಸಾಫ್ಟ್‌ವೇರ್ ಮ್ಯಾನೇಜರಲ್ಲಿ ಹುಡುಕಿದ್ರೆ ಕೆಲಸಕ್ಕೆ ಬರೋವಂಥದ್ದು ಸಿಗ್ಲಿಲ್ಲ. ಇಂಥದ್ದು ಇದ್ಯಾ, ಇಲ್ಲಾಂದ್ರೆ ಬಿಸಿಎ ಮಕ್ಕಳ ಕೈಯಲ್ಲೇ ಪ್ರಾಜೆಕ್ಟ್ ಅಂತ ಮಾಡಿಸ್ಬೋದಾ?

ಪೆಂಗ್ವಿನ್_ಪುಟ್ಟ:
ಸರ್ ಇದಕ್ಕೆ ಬೇರೆ ಸಾಫ್ಟ್‌ವೇರ್ ಯಾಕೆ, ಮಿಂಟಲ್ಲಿ ಲಿಬ್ರೆ ಆಫೀಸ್ (ಎಂಎಸ್ ಆಫೀಸ್ ಥರದ್ದೇ ಉಚಿತ ಸಾಫ್ಟ್‌ವೇರ್) ಬಂದೇ ಬಂದಿರತ್ತಲ್ಲ. ಕಂಟ್ರೋಲ್ ಶಿಫ್ಟ್ ಎನ್ ಒತ್ತಿ, ಟೆಂಪ್ಲೇಟ್ ಕಿಟಕಿ ತೆರ್ಕೊಳತ್ತೆ, ಅದ್ರಲ್ಲಿ ರೆಸ್ಯೂಮೆದು ಇದ್ರೆ ಸರಿ, ಇಲ್ಲಾಂದ್ರೆ ನೀವೇ ಒಂದು ಮಾಡಿ ಟೆಂಪ್ಲೇಟ್ ಅಂತ ಸೇವ್ ಮಾಡಿ ಎಲ್ಲಾ ಮಷಿನ್ನಿಗೂ ಹಾಕ್ಬಿಡಿ. ಪಿಡಿಎಫ್ ಎಕ್ಸ್‌ಪೋರ್ಟ್ ಮಾಡುವಾಗ ಹೈಬ್ರಿಡ್ ಪಿಡಿಎಫ್ ಅಂತ ಒಂದು ಟಿಕ್ ಇದೆ, ಅದನ್ನ ಹಾಕಿದ್ರೆ ಒಡಿಟಿ ಫೈಲು (ಲಿಬ್ರೆ ಆಫೀಸಲ್ಲಿ ತಿದ್ದೋ ಮೂಲ ಫೈಲು) ಪಿಡಿಎಫ್ ಒಳಗೇ ಕೂತ್ಕೊಳತ್ತೆ, ಆಮೇಲೆ ಅದೇ ಪಿಡಿಎಫ್ ಲಿಬ್ರೆ ಆಫೀಸಲ್ಲಿ ತೆಗೆದು ತಿದ್ಬೋದು. ಮೂಲ ಫೈಲ್ ಎಲ್ಲಿಟ್ಟೆ ಅಂತ ಮರೆಯೋ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ.

ಹುಬ್ಬಳ್ಳಿ_ಮಂದಿ:
ಲಿಬ್ರೆ ಆಫೀಸಿನ್ಯಾಗ ಮಾಡ್ರಿ, ಒಂದು ಸಾಲು ಹೆಚ್ಚಾದ್ರ ಟೇಬಲ್ ಎಲ್ಲಾ ಕೆಳಗ ಜಾರಿ ಎರಡನೇ ಪುಟಕ್ಕ ಹೋಗಿ ಕುಂದರ್ತೈತಿ ಆಮ್ಯಾಲೆ ಇಡೀ ಮಧ್ಯಾಹ್ನ ಎಂಟರ್ ಬ್ಯಾಕ್‌ಸ್ಪೇಸ್ ಒತ್ತಿಕೋತ ಕುಂದರ್ರಿ. ಲೇಟೆಕ್ಸ್ ಹಿಡೀರಿ ಸರ, ಕೋಡ್ ಹಾಕಿ ಬರದ್ರ ತಾನ ಪುಟ ಜೋಡಿಸಿ ಪಿಡಿಎಫ್ ಕೊಡೋ ಸಾಫ್ಟ್‌ವೇರ್ ಅದು. ಮಾಡರ್ನ್‌ಸಿವಿ ಅಂತ ಕ್ಲಾಸ್ (ರೆಸ್ಯೂಮೆಗೆ ರೆಡಿ ವಿನ್ಯಾಸ) ಐತಿ, ಕ್ಲಾಸಿಕ್, ಬ್ಯಾಂಕಿಂಗ್, ಕ್ಯಾಶುಯಲ್ ಅಂತ ನಾಕೈದು ಸ್ಟೈಲ್ ಅದಾವ, ಒಂದು ಶಬ್ದ ಬದಲು ಮಾಡಿದ್ರ ಇಡೀ ರೂಪ ಬದಲಾಕ್ಕೈತಿ, ಬರೆದದ್ದು ಹಂಗ ಇರ್ತೈತಿ. ಕನ್ನಡಕ್ಕ ಪಿಡಿಎಫ್‌ಲೇಟೆಕ್ಸ್ ಬ್ಯಾಡ, ಝೀಲೇಟೆಕ್ಸ್ ಇಲ್ಲಾ ಲುವಾಲೇಟೆಕ್ಸ್ ತಗೋರಿ (ಇವೆಲ್ಲ ಲೇಟೆಕ್ಸಿನ ಬೇರೆ ಬೇರೆ ರೂಪ), ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಹಾಕ್ರಿ, ಒತ್ತಕ್ಷರ ಛಲೋ ಬರ್ತಾವ. ಒಮ್ಮೆ ಕಲಿತ್ರ ಮುಂದ ಪ್ರಾಜೆಕ್ಟ್ ರಿಪೋರ್ಟಿಗೂ ಬರ್ತೈತಿ.

ನೇಮಕಾತಿ_ಅಕ್ಕ:
ಬೆಂಗಳೂರಲ್ಲಿ ಎಚ್‌ಆರ್ ಕೆಲಸ ಮಾಡ್ತೀನಿ, ಫ್ರೆಷರ್ ರೆಸ್ಯೂಮೆಗಳನ್ನ ನೋಡೋದೇ ನನ್ನ ದಿನದ ಕೆಲಸ, ಹಾಗಾಗಿ ಆ ಕಡೆಯಿಂದ ನೋಡಿದಾಗ ಹೇಗೆ ಕಾಣತ್ತೆ ಅಂತ ಹೇಳ್ತೀನಿ. ಯಾವ ಸಾಫ್ಟ್‌ವೇರಲ್ಲಿ ಮಾಡಿದ್ರಿ ಅಂತ ಯಾರೂ ಕೇಳಲ್ಲ. ಮೊದ್ಲು ಅದನ್ನ ಓದೋದು ಮನುಷ್ಯರಲ್ಲ, ಅಪ್ಲೋಡ್ ಮಾಡಿದ ತಕ್ಷಣ ಪಾರ್ಸರ್ ಅನ್ನೋ ಒಂದು ಸಾಫ್ಟ್‌ವೇರ್ ಪಠ್ಯ ಎತ್ಕೊಂಡು ಹೆಸರು, ಫೋನು, ಡಿಗ್ರಿ, ಸ್ಕಿಲ್ ಅಂತ ಬೇರೆ ಬೇರೆ ಖಾನೆಗೆ ಹಾಕತ್ತೆ. ಎರಡು ಕಾಲಂ ಡಿಸೈನ್ ಇದ್ರೆ ಎಡಗಡೆ ಸಾಲು ಬಲಗಡೆ ಸಾಲು ಸೇರಿ ಕಲಸುಮೇಲೋಗರ ಆಗತ್ತೆ, ಜಾವಾ ಫೋರ್ ಸ್ಟಾರು ಪೈಥಾನ್ ತ್ರೀ ಸ್ಟಾರು ಅಂತ ಚಿತ್ರ ಹಾಕಿದ್ರೆ ಅದು ಬರೋದೇ ಇಲ್ಲ. ಜೆರಾಕ್ಸ್ ಅಂಗಡಿಯವ್ರು ಕೆಲವೊಮ್ಮೆ ಪ್ರಿಂಟನ್ನ ಸ್ಕ್ಯಾನ್ ಮಾಡಿ ಪಿಡಿಎಫ್ ಅಂತ ಕೊಡ್ತಾರೆ, ಅದು ಬರೀ ಫೋಟೋ, ಅದ್ರಲ್ಲಿ ಒಂದಕ್ಷರ ಪಠ್ಯ ಇರಲ್ಲ.

ಲಿನಕ್ಸಲ್ಲಿ ಇದನ್ನ ಚೆಕ್ ಮಾಡೋದು ಸುಲಭ, ಪಾಪ್ಲರ್ ಯುಟಿಲ್ಸ್ ಪ್ಯಾಕೇಜಲ್ಲಿ ಪಿಡಿಎಫ್‌ಟುಟೆಕ್ಸ್ಟ್ ಅಂತ ಕಮಾಂಡ್ ಇದೆ, ರೆಸ್ಯೂಮೆ ಪಿಡಿಎಫ್ ಅದಕ್ಕೆ ಕೊಡಿ, ಬರೋ ಟೆಕ್ಸ್ಟ್ ಫೈಲನ್ನ ಮೇಲಿಂದ ಕೆಳಗೆ ಓದಿ. ನಿಮಗೇ ಅರ್ಥ ಆಗ್ಲಿಲ್ಲ ಅಂದ್ರೆ ಪಾರ್ಸರ್‌ಗೂ ಆಗಲ್ಲ. ಮಕ್ಕಳ ಕೈಯಲ್ಲೇ ಮಾಡ್ಸಿ, ನೂರು ಭಾಷಣಕ್ಕಿಂತ ಇದು ವಾಸಿ.

ಇನ್ನೊಂದು, ಕೆಲವು ಕಡೆ ವರ್ಡ್ ಫೈಲೇ ಕೇಳ್ತಾರೆ. ಡಾಕ್ಸ್ ಅಂತ ಸೇವ್ ಮಾಡಿ ಕಳಿಸಿದ್ರೆ ನಮ್ಮ ವಿಂಡೋಸ್ ಮಷಿನ್ನಲ್ಲಿ ಅಲೈನ್‌ಮೆಂಟ್ ಹೋಗಿರತ್ತೆ, ಬಹಳಷ್ಟು ಸಲ ಕಾರಣ ಫಾಂಟು. ಟೈಮ್ಸ್ ಬದ್ಲು ಲಿಬರೇಶನ್ ಸೆರಿಫ್, ಏರಿಯಲ್ ಬದ್ಲು ಲಿಬರೇಶನ್ ಸ್ಯಾನ್ಸ್, ಕ್ಯಾಲಿಬ್ರಿ ಬದ್ಲು ಕಾರ್ಲಿಟೋ ಹಾಕಿ, ಅಕ್ಷರದ ಅಗಲ ಒಂದೇ ಅಳತೆ ಇಟ್ಟು ಮಾಡಿರೋದ್ರಿಂದ ಸಾಲು ಎಲ್ಲಿ ಮುರೀತಿತ್ತೋ ಅಲ್ಲೇ ಮುರಿಯತ್ತೆ. ಮತ್ತೆ ದಯವಿಟ್ಟು ತಂದೆ ಹೆಸರು, ಜಾತಿ, ಧರ್ಮ, ಕೆಳಗಡೆ ಡಿಕ್ಲರೇಶನ್ನು ಇವೆಲ್ಲ ತೆಗೆಸಿ ಸರ್. ಸರ್ಕಾರಿ ಅರ್ಜಿಗೆ ಕೇಳಿದ್ರೆ ಅಲ್ಲಿ ಬರೀಲಿ, ಕಂಪನಿಗೆ ಅದು ಬೇಕಾಗಿಲ್ಲ.

ಲ್ಯಾಬ್_ಮೇಷ್ಟ್ರು:
ಮೇಡಂ ತುಂಬಾ ಥ್ಯಾಂಕ್ಸ್, ಪಿಡಿಎಫ್‌ಟುಟೆಕ್ಸ್ಟ್ ಈಗ್ಲೇ ಓಡಿಸಿ ನೋಡ್ದೆ, ಹೋದ ವರ್ಷದ ಮಕ್ಕಳ ಫೈಲ್‌ಗಳಲ್ಲಿ ಅಂಗಡೀಲಿ ಮಾಡ್ಸಿದ್ದು ಸುಮಾರು ಖಾಲಿನೇ ಬಂತು. ಹುಬ್ಬಳ್ಳಿ ಸರ್, ಲೇಟೆಕ್ಸ್ ಚೆನ್ನಾಗಿದೆ ಒಪ್ತೀನಿ, ಆದ್ರೆ ಪೂರ್ತಿ ಟೆಕ್ಸ್‌ಲೈವ್ (ಲೇಟೆಕ್ಸಿನ ಇಡೀ ಸಂಗ್ರಹ) ಹಾಕಿದ್ರೆ ಹಲವಾರು ಜಿಬಿ, ನಮ್ಮ ಹಾರ್ಡ್ ಡಿಸ್ಕ್ ಗೋಳು ನಿಮಗೆ ಗೊತ್ತಿಲ್ಲ, ಮತ್ತೆ ಬಿಕಾಂ ಹುಡುಗೀರಿಗೆ ಬ್ಯಾಕ್‌ಸ್ಲ್ಯಾಶು ಬ್ರಾಕೆಟ್ಟು ಹೇಳ್ಕೊಡೋಕೆ ಹೋದ್ರೆ ಪ್ಲೇಸ್‌ಮೆಂಟ್ ಡ್ರೈವ್ ಮುಗ್ದೇ ಹೋಗತ್ತೆ. ಎಲ್ರ ವಿವರ ಕ್ಯಾಲ್ಕ್ (ಎಕ್ಸೆಲ್ ಥರದ್ದು) ಶೀಟಲ್ಲಿ ತುಂಬ್ಸಿ ಮೇಲ್ ಮರ್ಜ್ (ಒಂದೇ ಕಾಗದದಲ್ಲಿ ಒಬ್ಬೊಬ್ಬರ ವಿವರ ತಾನಾಗೇ ತುಂಬೋದು) ಮಾಡಿದ್ರೆ ಹೇಗೆ? ಮದ್ವೆ ಕಾಗದದ ವಿಳಾಸಕ್ಕೆ ಮಾಡ್ತಾರಲ್ಲ ಹಾಗೆ.

ಕೋಡ್_ಭಟ್ಟ:
ಮೇಲ್ ಮರ್ಜ್ ಆಗತ್ತೆ, ಲಿಬ್ರೆ ಆಫೀಸ್ ಬೇಸ್ (ಅದರ ಡೇಟಾಬೇಸ್ ಭಾಗ) ಇದ್ಯಾ ಅಂತ ಮೊದ್ಲು ನೋಡ್ಕೊಳ್ಳಿ, ಅದಿಲ್ದಿದ್ರೆ ಮೇಲ್ ಮರ್ಜ್ ತಕರಾರು ಮಾಡತ್ತೆ. ಆದ್ರೆ ರೆಸ್ಯೂಮೆಗೆ ಅದು ಅಷ್ಟು ಹೊಂದಲ್ಲ ಸರ್. ವಿಳಾಸ ಅಂದ್ರೆ ಎಲ್ರಿಗೂ ನಾಲ್ಕೇ ಸಾಲು. ಇಲ್ಲಿ ಒಬ್ಬ ಒಂದೇ ಪ್ರಾಜೆಕ್ಟ್ ಮಾಡಿರ್ತಾನೆ, ಇನ್ನೊಬ್ಳು ಐದು ಮಾಡಿರ್ತಾಳೆ, ಇಂಟರ್ನ್‌ಶಿಪ್ ಕೆಲವರಿಗಿದೆ ಕೆಲವರಿಗಿಲ್ಲ. ಖಾಲಿ ಫೀಲ್ಡಿರೋ ಪ್ಯಾರಾ ಅಡಗಿಸೋ ಆಯ್ಕೆ ಇದೆ, ಆದ್ರೂ ಇಂಟರ್ನ್‌ಶಿಪ್ ಅನ್ನೋ ತಲೆಬರಹ ಕೆಳಗೆ ಏನೂ ಇಲ್ದೇ ನಿಂತಿರತ್ತೆ, ಅದಕ್ಕೆ ಕಂಡೀಶನ್ ಹಾಕ್ತಾ ಹೋದ್ರೆ ನಿಮಗೇ ತಲೆನೋವು.

ಹಾಗಾಗಿ ನೀವು ಕೇಳಿದ ಎರಡನೇ ಪ್ರಶ್ನೆಗೆ ಬರ್ತೀನಿ, ನೀವೇ ಮಾಡ್ಸಿ, ಬಿಸಿಎ ಮಕ್ಕಳಿಗೆ ಇದಕ್ಕಿಂತ ಒಳ್ಳೇ ಮಿನಿ ಪ್ರಾಜೆಕ್ಟ್ ಸಿಗಲ್ಲ. ದೊಡ್ಡ ಆ್ಯಪ್ ಬೇಡ. ಫಾರಂಗೆ ಝೆನಿಟಿ ಸಾಕು, ಶೆಲ್ ಸ್ಕ್ರಿಪ್ಟಿಂದಾನೇ ಹೆಸರು, ಫೋನು ಅಂತ ಖಾನೆಗಳಿರೋ ಕಿಟಕಿ ತೆರೆಯತ್ತೆ. ಪ್ರಾಜೆಕ್ಟು ಸ್ಕಿಲ್ಲು ಥರ ಉದ್ದುದ್ದ ಬರೆಯೋದಿದ್ರೆ ಕ್ಯಾಲ್ಕ್ ಶೀಟೇ ವಾಸಿ, ಒಬ್ಬರಿಗೆ ಒಂದು ಶೀಟು, ಎಡಗಡೆ ವಿಭಾಗದ ಹೆಸರು ಬಲಗಡೆ ವಿವರ, ಎಷ್ಟು ಸಾಲಾದ್ರೂ ಸೇರಿಸ್ಲಿ. ಅದನ್ನ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯ) ಮಾಡಿ ಪೈಥಾನಲ್ಲಿ ಓದಿ, ಜಿಂಜಾ (ಖಾಲಿ ಜಾಗಗಳಿಗೆ ಡೇಟಾ ತುಂಬೋ ಪೈಥಾನ್ ಸಾಧನ) ಟೆಂಪ್ಲೇಟಿಂದ ಎಚ್‌ಟಿಎಂಎಲ್ (ವೆಬ್ ಪುಟ) ಮಾಡಿ, ಆ ಎಚ್‌ಟಿಎಂಎಲ್ಲನ್ನ ವೀಸಿಪ್ರಿಂಟ್ ಅನ್ನೋ ಸಾಧನಕ್ಕೆ ಕೊಟ್ರೆ ಪಿಡಿಎಫ್ ಬರತ್ತೆ. ಇಂಟರ್ನ್‌ಶಿಪ್ ಇದ್ರೆ ತೋರ್ಸು ಇಲ್ದಿದ್ರೆ ತಲೆಬರಹಾನೂ ಬೇಡ ಅನ್ನೋದು ಜಿಂಜಾದಲ್ಲಿ ಒಂದು ಇಫ್. ವೀಸಿಪ್ರಿಂಟ್ ಯಾಕೆ ಅಂದ್ರೆ ಅದು ಅಕ್ಷರ ಜೋಡಣೆಗೆ ಪ್ಯಾಂಗೋ ಬಳಸತ್ತೆ, ಕನ್ನಡದ ಒತ್ತು ದೀರ್ಘ ಎಲ್ಲಾ ಸರಿಯಾಗಿ ಕೂರತ್ತೆ. ಹಳೇ ಲೇಖನಗಳಲ್ಲಿ ಡಬ್ಲ್ಯೂಕೆಎಚ್‌ಟಿಎಂಎಲ್‌ಟುಪಿಡಿಎಫ್ ಬಳಸಿ ಅಂತ ಇರತ್ತೆ, ಅದರ ಅಭಿವೃದ್ಧಿ ನಿಂತೋಗಿದೆ, ಹೊಸದಾಗಿ ಶುರು ಮಾಡೋರು ಆ ಕಡೆ ಹೋಗ್ಬೇಡಿ. ಎಚ್‌ಟಿಎಂಎಲ್ ಸಿಎಸ್‌ಎಸ್ ಬಿಸಿಎ ಮಕ್ಕಳಿಗೆ ಹೇಗೂ ಬರತ್ತೆ, ಡಿಸೈನ್ ಅವ್ರೇ ಮಾಡ್ಲಿ.

ಡೇಟಾಗೆ ನೀವೇ ಹೊಸ ಹೆಸರುಗಳನ್ನ ಕಂಡುಹಿಡೀಬೇಡಿ, ಜೇಸನ್ (JSON, ಡೇಟಾ ಬರೆದಿಡೋ ಒಂದು ರೂಪ) ರೆಸ್ಯೂಮೆ ಅಂತ ಓಪನ್ ಸ್ಟ್ಯಾಂಡರ್ಡ್ ಇದೆ, 2014ರಿಂದ ಇದೆ, ಓದು, ಕೆಲಸ, ಪ್ರಾಜೆಕ್ಟು, ಭಾಷೆ ಎಲ್ಲದಕ್ಕೂ ಅಲ್ಲಿ ಖಾನೆ ಇದೆ. ಅದೇ ರೂಪದಲ್ಲಿಟ್ರೆ ನಾಳೆ ಬೇರೆಯವ್ರು ಮಾಡಿರೋ ಥೀಮ್‌ಗಳೂ ಉಪಯೋಗಕ್ಕೆ ಬರತ್ತೆ.

ಕೋಡ್ ಬರೆಯೋ ಪುರುಸೊತ್ತಿಲ್ಲ ಅಂದ್ರೆ ರಿಯಾಕ್ಟಿವ್ ರೆಸ್ಯೂಮೆ ನೋಡಿ, ಓಪನ್ ಸೋರ್ಸು, ನಿಮ್ಮದೇ ಸರ್ವರಲ್ಲಿ ಹಾಕ್ಕೋಬೋದು. ಲ್ಯಾಬಲ್ಲಿ ಸ್ವಲ್ಪ ಗಟ್ಟಿಯಾಗಿರೋ ಒಂದು ಮಷಿನ್ನಲ್ಲಿ ಡಾಕರ್ (ಸಾಫ್ಟ್‌ವೇರನ್ನ ಅದಕ್ಕೆ ಬೇಕಾದ್ದೆಲ್ಲದರ ಸಮೇತ ಓಡಿಸೋ ಸಾಧನ) ಹಾಕಿ ರಿಯಾಕ್ಟಿವ್ ರೆಸ್ಯೂಮೆ ಓಡಿಸಿದ್ರೆ ಉಳಿದ ಮಷಿನ್ನುಗಳು ಲ್ಯಾನ್ (ಲ್ಯಾಬ್ ಒಳಗಿನ ನೆಟ್‌ವರ್ಕ್) ಮೂಲಕ ಬ್ರೌಸರಲ್ಲಿ ತೆಗೀತವೆ. ಆದ್ರೆ ಡೇಟಾಬೇಸು ಅದು ಇದು ಅಂತ ಅದರದ್ದೇ ಸಂಸಾರ ಇದೆ, ನೋಡ್ಕೊಳ್ಳೋರು ಬೇಕು.

ಹುಬ್ಬಳ್ಳಿ_ಮಂದಿ:
ಭಟ್ರ, ಚಂದ ಹೇಳಿದ್ರಿ ಆದ್ರ ಅಷ್ಟೆಲ್ಲಾ ಯಾಕ ಬೇಕ್ರಿ. ಲೇಟೆಕ್ಸ್ ದೊಡ್ಡದಾತು ಅಂದ್ರ ಟೈಪ್‌ಸ್ಟ್ ಐತಲ್ಲ, ಅದೂ ಲೇಟೆಕ್ಸ್ ಥರದ್ದ ಆದ್ರ ಸಣ್ಣದು, 2023ರಾಗ ಎಲ್ಲಾರಿಗೂ ಬಿಟ್ರು, ಒಂದ ಫೈಲು, ಪೆನ್‌ಡ್ರೈವ್‌ನ್ಯಾಗ ಹಾಕ್ಕೊಂಡು ಹೋಗಿ ಎಲ್ಲಾ ಮಷಿನ್ನಿಗೂ ಕಾಪಿ ಮಾಡೂದು. ಕನ್ನಡಾನೂ ಬರ್ತೈತಿ. ರೆಡಿ ಟೆಂಪ್ಲೇಟ್ ಮೊದಲ ಸಲ ನೆಟ್‌ನಿಂದ ಎಳಕೋತೈತಿ, ಅದನ್ನ ಒಂದ ಮಷಿನ್ನಿನ್ಯಾಗ ಇಳಿಸಿ ಆ ಫೋಲ್ಡರ್ ಉಳಿದ ಕಡೆ ಹಾಕಿದ್ರ ಮುಗೀತು. ರೆಂಡರ್‌ಸಿವಿ ಅಂತನೂ ಒಂದು ಐತಿ, ಯಾಮಲ್ ಫೈಲಿನ್ಯಾಗ (ಸಾಲಿನ ಮುಂದಿನ ಖಾಲಿ ಜಾಗನೂ ಲೆಕ್ಕಕ್ಕ ಬರೋ ಸಾದಾ ಪಠ್ಯ) ವಿವರ ಬರದ್ರ ಅದ ಟೈಪ್‌ಸ್ಟಿಗೆ ಕೊಟ್ಟು ಪಿಡಿಎಫ್ ಮಾಡ್ತೈತಿ.

ಕೋಡ್_ಭಟ್ಟ:
ಟೈಪ್‌ಸ್ಟ್ ಒಳ್ಳೇ ಆಯ್ಕೆ, ಒಪ್ಪಿದೆ, ವೀಸಿಪ್ರಿಂಟ್ ಜಾಗದಲ್ಲಿ ಅದನ್ನೇ ಇಟ್ಕೊಂಡ್ರೂ ನಡಿಯತ್ತೆ, ಸಿಎಸ್‌ವಿ, ಜೇಸನ್ ಎರಡನ್ನೂ ತಾನೇ ಓದತ್ತೆ. ಯಾಮಲ್ ಮಾತ್ರ ಬಿಕಾಂ ಮಕ್ಕಳ ಕೈಗೆ ಕೊಡ್ಬೇಡಿ, ಒಂದು ಸ್ಪೇಸ್ ಆಚೀಚೆ ಆದ್ರೆ ಎರರ್ರು, ಎಲ್ರೂ ಮೇಷ್ಟ್ರನ್ನ ಕರೀತಾನೇ ಇರ್ತಾರೆ.

ಲ್ಯಾಬ್_ಮೇಷ್ಟ್ರು:
ಅಂದ್ರೆ ತುಂಬೋದು ಶೀಟಲ್ಲಿ, ರೂಪ ಕೊಡೋದು ಬೇರೆ ಫೈಲಲ್ಲಿ, ಇದು ನನಗೆ ಹಿಡಿಸ್ತು, ಒಬ್ಳು ಫೋನ್ ನಂಬರ್ ಬದಲಾಯಿಸಿದ್ರೆ ಡಿಸೈನ್ ಕೆಡಲ್ಲ. ಇಬ್ಬರು ಬಿಸಿಎ ಹುಡುಗರಿಗೆ ಹೇಳಿದೀನಿ, ಟೈಪ್‌ಸ್ಟಲ್ಲೇ ಶುರು ಮಾಡ್ತಾರೆ. ಕನ್ನಡದ ವಿಷ್ಯ ಕೇಳೋದು ಮರೀತಿದ್ದೆ, ಆಫೀಸಲ್ಲಿರೋ ಹಳೇ ಬಯೋಡೇಟಾ ಎಲ್ಲಾ ನುಡಿ ಹಳೇ ಫಾಂಟಲ್ಲಿದೆ, ಲಿನಕ್ಸಲ್ಲಿ ತೆಗೆದ್ರೆ ಇಂಗ್ಲಿಷ್ ಅಕ್ಷರದ ಕಸ ಕಾಣ್ಸತ್ತೆ.

ಪೆಂಗ್ವಿನ್_ಪುಟ್ಟ:
ಅದು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇರೋ ಪದ್ಧತಿ) ಅಲ್ಲ ಸರ್, ಆಸ್ಕಿ, ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಚಿತ್ರ ಕೂರಿಸಿರೋದು, ಆ ಫಾಂಟ್ ಇಲ್ಲದ ಕಡೆ ಹಂಗೇ ಕಾಣತ್ತೆ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಾಯಿಸೋ ಪರಿವರ್ತಕಗಳು ಇದಾವೆ, ಬದಲಾಯಿಸಿದ್ಮೇಲೆ ಅರ್ಕಾವೊತ್ತು ಒಂದ್ಸಲ ಕಣ್ಣಲ್ಲೇ ನೋಡಿ. ಹೊಸದಾಗಿ ಟೈಪ್ ಮಾಡೋಕೆ ಕೀಬೋರ್ಡ್ ಸೆಟ್ಟಿಂಗಲ್ಲಿ ಕನ್ನಡ ಕಗಪ ಅಂತ ವಿನ್ಯಾಸ ಇದೆ, ನುಡಿ ಕೈ ಕೂತಿರೋರಿಗೆ ಬೇಗ ಹೊಂದತ್ತೆ. ಫಾಂಟಿಗೆ ಲೋಹಿತ್, ಗುಬ್ಬಿ, ನವಿಲು ರೆಪೊಸಿಟರಿಯಲ್ಲೇ (ಮಿಂಟಿನ ಸಾಫ್ಟ್‌ವೇರ್ ಸಂಗ್ರಹದಲ್ಲೇ) ಸಿಗತ್ತೆ.

ನೇಮಕಾತಿ_ಅಕ್ಕ:
ಕನ್ನಡ ಪಿಡಿಎಫ್‌ಗೆ ಒಂದು ಎಚ್ಚರಿಕೆ. ಕಣ್ಣಿಗೆ ಸರಿಯಾಗಿ ಕಂಡ್ರೂ ಕಾಪಿ ಮಾಡಿದ್ರೆ ಒತ್ತಕ್ಷರ ಹಿಂದೆ ಮುಂದೆ ಆಗಿ ಬರೋದುಂಟು, ಪಿಡಿಎಫ್ ಒಳಗೆ ಇರೋದು ಅಕ್ಷರದ ಆಕಾರಗಳು, ಅದ್ರಿಂದ ಪಠ್ಯ ವಾಪಸ್ ತೆಗೆಯೋವಾಗ ಎಡವತ್ತೆ. ಅದಕ್ಕೆ ಕನ್ನಡದಲ್ಲಿ ಕಳಿಸೋದಾದ್ರೆ ಪಿಡಿಎಫ್ ಜೊತೆ ಒಡಿಟಿನೋ ಡಾಕ್ಸೋ ಒಂದು ಇರ್ಲಿ.

ಇನ್ನೊಂದು ಮಾತು ಸರ್, ಎಲ್ರ ಫೋನ್ ನಂಬರು, ಇಮೇಲು, ಮನೆ ವಿಳಾಸ ಇರೋ ಶೀಟುಗಳು ಲ್ಯಾಬ್ ಮಷಿನ್ನಿನ ಕಾಮನ್ ಫೋಲ್ಡರಲ್ಲಿ ಬಿದ್ದಿರೋದು ಬೇಡ. ಹೆಣ್ಮಕ್ಕಳ ನಂಬರ್ ಯಾರ್ ಕೈಗೋ ಸಿಕ್ಕಿ ರಗಳೆ ಆಗತ್ತೆ. ಒಬ್ಬೊಬ್ಬರಿಗೂ ಬೇರೆ ಲಾಗಿನ್ ಮಾಡಿಕೊಡಿ, ಶೀಟು ಅವ್ರವ್ರ ಹೋಮ್ ಫೋಲ್ಡರಲ್ಲೇ ಇರ್ಲಿ, ಬೇರೆಯವ್ರಿಗೆ ಓದೋ ಪರ್ಮಿಶನ್ ತೆಗೀರಿ.

ಲ್ಯಾಬ್_ಮೇಷ್ಟ್ರು:
ಸದ್ಯಕ್ಕೆ ಎಲ್ರೂ ಸ್ಟೂಡೆಂಟ್ ಅನ್ನೋ ಒಂದೇ ಲಾಗಿನ್ನಲ್ಲಿ ಕೂರ್ತಾರೆ ಮೇಡಂ, ಪಾಸ್‌ವರ್ಡ್ ಬೋರ್ಡ್ ಮೇಲೇ ಬರೆದಿದೆ. ಇವತ್ತೇ ಬೇರೆ ಬೇರೆ ಮಾಡ್ತೀನಿ. ಭಟ್ರೇ, ಹುಡುಗರು ಬರೆದ ಟೆಂಪ್ಲೇಟ್ ಹಾಕಿದ್ರೆ ಒಂದ್ಸಲ ನೋಡ್ತೀರಾ?

ಕೋಡ್_ಭಟ್ಟ:
ಹಾಕಿ ಸರ್, ನೋಡ್ತೀನಿ. ಜೊತೆಗೆ ಲೈಸೆನ್ಸ್ ಫೈಲ್ ಒಂದು ಸೇರಿಸೋಕೆ ಹೇಳಿ, ಎಂಐಟಿ ಆದ್ರೂ ಜಿಪಿಎಲ್ ಆದ್ರೂ ಸರಿ (ಎರಡೂ ಓಪನ್ ಸೋರ್ಸ್ ಲೈಸೆನ್ಸ್), ಅದಿಲ್ದಿದ್ರೆ ಪಕ್ಕದ ಕಾಲೇಜಿನವ್ರು ತಗೊಂಡು ಬದಲಾಯಿಸಿ ಬಳಸೋ ಹಾಗಿಲ್ಲ.