ಅಲಾಸ್ಕಾದಾಗ ಸರ್ಕಾರಿ ಜಾಗಾದಾಗ ಪುಕ್ಕಟೆ ಟೆಂಟ್ ಹಾಕಬಹುದಂತ, ಖರೇನಾ?

ಗಂಗಾವತಿ_ಬಂಡೆ:
ಎಲ್ಲರಿಗೂ ನಮಸ್ಕಾರ್ರಿ. ಗಂಗಾವತಿಯವ ನಾನು, ಆನೆಗುಂದಿ ಸಾಣಾಪುರ ಬಂಡಿ ಹತ್ತಿ ಇಳದು ಬೆಳದೀನಿ. ಅಕ್ಕ ಮಾಮಾ ಸಿಯಾಟಲ್‌ನಾಗ ಅದಾರ, ಮುಂದಿನ ವರ್ಷ ಅವರ ಮನಿಗೆ ಹೋಗೋದೈತಿ, ವೀಸಾ ಆಗೈತಿ. ಅಷ್ಟು ದೂರ ಹೋದ ಮ್ಯಾಲ ಹಂಗ ಅಲಾಸ್ಕಾಕ್ಕೂ ಹೋಗಿ ಬರೂಣು ಅಂತ ಆಸೆ, ಆದ್ರ ಹೋಟೆಲ್ ರೇಟ್ ನೋಡಿ ಎದಿ ಝಲ್ ಅಂತು. ಅಲ್ಲಿ ಸರ್ಕಾರಿ ಜಮೀನಿನಾಗ ಯಾರು ಬೇಕಾದ್ರೂ ಟೆಂಟ್ ಹಾಕ್ಕೋಬಹುದು, ನಳ ಲೈಟ್ ಟಾಯ್ಲೆಟ್ ಏನೂ ಇರಂಗಿಲ್ಲ, ರೊಕ್ಕನೂ ಕೇಳಂಗಿಲ್ಲ ಅಂತಾರ. ಖರೇನಾ? ನಮ್ಮ ಕಡೆ ಗುಡ್ಡದಾಗ ರಾತ್ರಿ ಮಲಗಿದ್ರ ಫಾರೆಸ್ಟ್‌ನವ್ರು ಬಂದು ಎಬ್ಬಸ್ತಾರ, ಅದಕ್ಕ ನಂಬಿಕಿ ಬರವಲ್ದು. ಜೂನ್ ಕೊನಿಗೆ ಹೋಗಿ ನಡುರಾತ್ರಿ ಸೂರ್ಯ, ಆಮ್ಯಾಲ ರಾತ್ರಿ ಆಕಾಶದಾಗ ಹಸಿರು ಬೆಳಕು ಕಾಣ್ತತಲ್ಲ ಆ ಅರೋರಾ, ಎರಡೂ ನೋಡ್ಕೊಂಡು ಬರೋದು, ಕಾರ್ ಬಾಡಿಗಿ ತಗೊಂಡು ಡಾಲ್ಟನ್ ಹೈವೇದಾಗ ಸೀದಾ ಉತ್ತರಕ್ಕ ಹೋಗೋದು ಅಂತ ಪ್ಲಾನ್. ಕರಡಿ ವಿಷಯ ಮನ್ಯಾಗ ಇನ್ನೂ ಹೇಳಿಲ್ಲ.

ಸಿಂಧನೂರ್_ಭತ್ತ:
ಕರಡಿ ನೋಡಾಕ ಅಲ್ಲಿಗ್ಯಾಕ ಹೊಂಟಿಯೋ ಮಾರಾಯ, ದರೋಜಿ ಕರಡಿಧಾಮ ಇಲ್ಲೇ ಐತಿ 😀

ತೋರಣಗಲ್ಲು_ಟು_ಟಂಡ್ರಾ:
ಖರೇ ಐತೆ ತಮ್ಮ. ನಾನು ಬಳ್ಳಾರಿ ಕಡೆಯವನೇ, ಕೆಲಸದ ಮೇಲೆ ಬಂದು ಫೇರ್‌ಬ್ಯಾಂಕ್ಸ್‌ನಲ್ಲಿದೀನಿ, ಬೇಸಿಗೆ ಬಂದ್ರೆ ವೀಕೆಂಡ್ ಪೂರ್ತಿ ಟೆಂಟಲ್ಲೇ. ಆದ್ರೆ ಸರ್ಕಾರಿ ಜಾಗ ಅಂತ ಒಂದೇ ಮಾತಲ್ಲಿ ಹೇಳಿದ್ರೆ ಆಗಲ್ಲ, ಯಾವ ಇಲಾಖೆ ಜಾಗ ಅನ್ನೋದ್ರ ಮೇಲೆ ಎಲ್ಲಾ ನಿಂತೈತೆ. ಕೇಂದ್ರ ಸರ್ಕಾರದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಎಲ್ಲರೂ ಬಿಎಲ್‌ಎಂ ಅಂತಾರೆ, ಅವರ ಜಾಗದಲ್ಲಿ ಸಾಮಾನ್ಯವಾಗಿ 14 ದಿನ ಫ್ರೀ. ಅಲಾಸ್ಕಾ ರಾಜ್ಯದ ಜಮೀನಲ್ಲೂ ಪರ್ಮಿಟ್ ಇಲ್ದೆ ಒಂದು ಜಾಗದಲ್ಲಿ 14 ದಿನ ಇರಬಹುದು, ಆಮೇಲೆ ಗಂಟು ಮೂಟೆ ಎತ್ಕೊಂಡು ಕನಿಷ್ಠ 2 ಮೈಲಿ ಆಚೆ ಹೋದ್ರೆ ಮತ್ತೆ 14 ದಿನದ ಲೆಕ್ಕ ಶುರು. ಯಾರೂ ಬಂದು ಎಬ್ಬಿಸಲ್ಲ, ಎಬ್ಬಿಸೋಕೆ ಅಲ್ಲಿ ಜನನೇ ಇರಲ್ಲ.

ಹುಷಾರಾಗಿರಬೇಕಾಗಿದ್ದು ನೇಟಿವ್ ಕಾರ್ಪೊರೇಷನ್ ಜಮೀನು. 1971ರಲ್ಲಿ ಅಮೆರಿಕ ಒಂದು ಕಾಯ್ದೆ ಮಾಡಿ ಅಲ್ಲಿನ ಮೂಲನಿವಾಸಿಗಳ ಕಾರ್ಪೊರೇಷನ್‌ಗಳಿಗೆ ಸುಮಾರು 4.4 ಕೋಟಿ ಎಕರೆ ಬಿಟ್ಟುಕೊಡ್ತು. ನೋಡೋಕೆ ಪಕ್ಕದ ಕಾಡಿಗೂ ಇದಕ್ಕೂ ಏನೂ ವ್ಯತ್ಯಾಸ ಕಾಣಲ್ಲ, ಬೇಲಿ ಇರಲ್ಲ ಬೋರ್ಡೂ ಇರಲ್ಲ, ಆದ್ರೆ ಅದು ಖಾಸಗಿ, ಕೇಳದೆ ಟೆಂಟ್ ಹಾಕಿದ್ರೆ ಇನ್ನೊಬ್ಬರ ಹೊಲಕ್ಕೆ ನುಗ್ಗಿದ ಲೆಕ್ಕ. ಅದಕ್ಕೇ ಜಮೀನು ಯಾರದು ಅಂತ ಬಣ್ಣದಲ್ಲಿ ತೋರಿಸೋ ಮ್ಯಾಪ್ ಫೋನ್‌ಗೆ ಮೊದಲೇ ಇಳಿಸ್ಕೊಂಡು ಹೋಗು, ಅಲ್ಲಿ ಸಿಗ್ನಲ್ ಸಿಗಲ್ಲ.

ಈಗ ಡಾಲ್ಟನ್ ಬಗ್ಗೆ. 1974ರಲ್ಲಿ ತೈಲ ಪೈಪ್‌ಲೈನ್ ಕೆಲಸಕ್ಕೆ ಅಂತ ಮಾಡಿದ ರಸ್ತೆ, 666 ಕಿಮೀ, ತುಂಬಾ ಕಡೆ ಬರೀ ಜಲ್ಲಿ, ಎದುರಿಗೆ ದೊಡ್ಡ ದೊಡ್ಡ ಟ್ರಕ್ಕು. ತೋರಣಗಲ್ಲಲ್ಲಿ ಅದಿರು ಲಾರಿ ಹಿಂದೆ ಬೈಕ್ ಓಡಿಸಿದೋನಿಗೆ ಧೂಳು ಹೊಸದಲ್ಲ ಬಿಡು, ಆದ್ರೆ ನಡುವೆ ಸಿಗೋ ಕೋಲ್ಡ್‌ಫುಟ್ ದಾಟಿದ ಮೇಲೆ ರೋಡಿನ ಕೊನೆಯ ಡೆಡ್‌ಹಾರ್ಸ್ ತನಕ 385 ಕಿಮೀ ಪೆಟ್ರೋಲ್ ಇಲ್ಲ ಪಂಚರ್ ಅಂಗಡಿ ಇಲ್ಲ ಏನೂ ಇಲ್ಲ, ಎರಡು ಸ್ಟೆಪ್ನಿ ಇಟ್ಕೊಂಡು ಹೋಗ್ತಾರೆ. ಎಲ್ಲಕ್ಕಿಂತ ಮುಖ್ಯ, ಮಾಮೂಲಿ ಬಾಡಿಗೆ ಕಾರಿನ ಅಗ್ರಿಮೆಂಟಲ್ಲಿ ಆ ರೋಡಿಗೆ ಹೋಗಬಾರದು ಅಂತ ಬರೆದಿರ್ತಾರೆ. ಹೋಗಿ ಕೆಟ್ಟು ನಿಂತ್ರೆ ಇನ್ಶೂರೆನ್ಸ್ ಇಲ್ಲ, ಎಳ್ಕೊಂಡು ಬರೋ ಖರ್ಚು ಕೇಳಿದ್ರೆ ನಿನ್ನ ಹೋಟೆಲ್ ಬಿಲ್ಲೇ ಅಗ್ಗ ಅನ್ಸುತ್ತೆ. ಜಲ್ಲಿ ರೋಡಿಗೇ ಅಂತ ಗಾಡಿ ಕೊಡೋರು ಫೇರ್‌ಬ್ಯಾಂಕ್ಸ್‌ನಲ್ಲಿ ಕೆಲವರು ಇದಾರೆ, ರೇಟು ಜಾಸ್ತಿ. ಫ್ರೀ ಕ್ಯಾಂಪಿಂಗ್ ಅನ್ನೋದ್ರ ನಿಜವಾದ ಖರ್ಚು ಟೆಂಟ್ ಜಾಗದ್ದಲ್ಲ, ಆ ಜಾಗ ಮುಟ್ಟೋ ಗಾಡಿದು.

ನನ್ನ ಮಾತು ಕೇಳೋದಾದ್ರೆ ಡಾಲ್ಟನ್ ಬಿಡು, ಡೆನಾಲಿ ಹೈವೇಗೆ ಹೋಗು. ಡೆನಾಲಿ ನ್ಯಾಷನಲ್ ಪಾರ್ಕ್ ಬೇರೆ, ಅಲ್ಲಿ ಕಾಡೊಳಗೆ ಉಳಿಯೋಕೆ ಪರ್ಮಿಟ್ ಬೇಕೇ ಬೇಕು. ಹೈವೇ ಅಂದ್ರೆ ಪ್ಯಾಕ್ಸನ್‌ನಿಂದ ಕ್ಯಾಂಟ್‌ವೆಲ್‌ಗೆ 217 ಕಿಮೀ, 1957ರಲ್ಲಿ ಶುರುವಾಗಿದ್ದು, 1971ರಲ್ಲಿ ಪಾರ್ಕ್ಸ್ ಹೈವೇ ಆಗೋ ತನಕ ಪಾರ್ಕಿಗೆ ಹೋಗೋಕೆ ಇದೊಂದೇ ರೋಡು. ಇದೂ ಬಹಳಷ್ಟು ಜಲ್ಲಿನೇ, ಇಲ್ಲೂ ಗಾಡಿ ಅಗ್ರಿಮೆಂಟ್ ಓದಲೇಬೇಕು, ಆದ್ರೆ ದೂರ ಕಮ್ಮಿ ಟ್ರಕ್ ಕಾಟ ಇಲ್ಲ. ಒಂದು ಕಡೆ ಪೂರ್ತಿ ಹಿಮದ ಬೆಟ್ಟದ ಸಾಲು, ಎಲ್ಲಿ ಬೇಕಾದ್ರೂ ಪಕ್ಕಕ್ಕೆ ಗಾಡಿ ಹಾಕಿ ಮಲಗೋ ಅಂಥ ಜಾಗಗಳು. ಕ್ಯಾಂಟ್‌ವೆಲ್ ಕಡೆ ಬಂದಾಗ ಮಾತ್ರ ನೇಟಿವ್ ಜಮೀನು ಬರುತ್ತೆ ನೋಡ್ಕೋ. ನಡುವೆ ಟ್ಯಾಂಗಲ್ ಲೇಕ್ಸ್ ಅಂತ ಐತೆ, 10 ಸಾವಿರ ವರ್ಷದ ಹಿಂದೆ ಜನ ಬೇಟೆಯಾಡಿದ ಜಾಗ, ಕಲ್ಲಿನ ಆಯುಧದ ಚೂರು ಸಿಕ್ಕಿದ್ರೂ ಎತ್ಕೋಬಾರದು. ಹಳೇ ಕಾಲದ ಕಲ್ಲಿನ ಸಮಾಧಿಗಳಿರೋ ಹಿರೇಬೆಣಕಲ್ ಪಕ್ಕದೋನಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ ಅನ್ಕೋತೀನಿ.

ಗಂಗಾವತಿ_ಬಂಡೆ:
ಅಣ್ಣಾ ಭಾಳ ಉಪಕಾರ ಆತು. ಅಗ್ರಿಮೆಂಟ್ ವಿಷಯ ತಲ್ಯಾಗೇ ಇರ್ಲಿಲ್ಲ. ಅರೋರಾ ಬಗ್ಗೆ ಏನೂ ಹೇಳ್ಲಿಲ್ಲಲ್ಲ? ಮತ್ತ ಊಟಕ್ಕ ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ ಕಟ್ಟಿ ಕೊಡ್ತಾಳ, ನಡೀತತಿಲ್ಲ?

ರಾಯಚೂರ್_ಬಿಸಿಲು:
ನಾನು ಮದುವಿ ಆಗಿ ನಾರ್ವೆ ಕಡೆ ಬಂದಾಕಿ, ಅಲಾಸ್ಕಾ ಗೊತ್ತಿಲ್ಲ, ಆದ್ರ ಅರೋರಾ ಹೇಳ್ತೀನಿ. ಜೂನ್‌ನಾಗ ಎಲ್ಲಿ ಕಾಣ್ತದರಿ, ಕತ್ತಲೇ ಆಗಂಗಿಲ್ಲಲ್ಲ. ಸೂರ್ಯ ಬೇಕಂದ್ರ ಜೂನ್, ಅರೋರಾ ಬೇಕಂದ್ರ ಆಗಸ್ಟ್ ಕೊನಿ ಆದಮ್ಯಾಲ, ಒಂದನ್ನ ಆರಿಸ್ಕೋರಿ. ಮತ್ತ ಮುಂದ ಯಾವಾಗರ ನಾರ್ವೆಗೆ ಬರೋದಿದ್ರ ಇಲ್ಲಿ ಪದ್ಧತಿನೇ ಬ್ಯಾರೆ ಅದ. ಇಲ್ಲಿ ಜಮೀನು ಯಾರದು ಅಂತ ಕೇಳೋ ಕೆಲಸ ಅಷ್ಟು ಇಲ್ಲ, ಬೇಸಾಯ ಮಾಡದ ಬಯಲು ಜಾಗಾ ಖಾಸಗಿ ಆದ್ರೂ ಯಾರು ಬೇಕಾದ್ರೂ ಓಡಾಡಬಹುದು, ಟೆಂಟ್ ಹಾಕಬಹುದು ಅಂತ 1957ರ ಕಾಯ್ದೆನೇ ಅದ. ಜನ ಇರೋ ಮನಿಯಿಂದ 150 ಮೀಟರ್ ದೂರ ಇರಬೇಕು, ಒಂದೇ ಜಾಗಾದಾಗ ಎರಡು ರಾತ್ರಿ, ಅದಕ್ಕಿಂತ ಜಾಸ್ತಿ ಆದ್ರ ಕೇಳಬೇಕು, ಎತ್ತರದ ಬೆಟ್ಟ, ಊರಿಂದ ಭಾಳ ದೂರದ ಜಾಗಾ ಆದ್ರ ಆ ಎರಡು ದಿನದ ಲೆಕ್ಕಾನೂ ಇಲ್ಲ. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರ ತನಕ ಕಾಡಿನ ಹತ್ರ ಬೆಂಕಿ ಹಚ್ಚಬಾರದು. ಪಕ್ಕದ ಫಿನ್‌ಲ್ಯಾಂಡ್‌ನಾಗ ಕಾಡಿನ ನಡುವ ಕಟ್ಟಿಗಿ ಗುಡಿಸಲು ಪುಕ್ಕಟೆ ಬಿಟ್ಟಾರ, ಅಲ್ಲಿ ರೂಢಿ ಹೆಂಗಂದ್ರ ಕೊನಿಗೆ ಬಂದವರಿಗೆ ಮೊದಲ ಜಾಗಾ, ಯಾಕಂದ್ರ ಮೊದಲು ಬಂದವರು ಆಗಲೇ ದಣಿವು ಆರಿಸ್ಕೊಂಡಿರ್ತಾರ. ನಂಗ ಇದು ಭಾಳ ಸೇರ್ತು. ವೀಸಾಕ್ಕ ಮಾತ್ರ ಎಲ್ಲಿ ಉಳಕೋತೀರಿ ಅಂತ ತೋರಿಸಬೇಕು, 30 ಸಾವಿರ ಯೂರೋದ ಇನ್ಶೂರೆನ್ಸೂ ಬೇಕು, ಟೆಂಟ್‌ನಾಗ ಇರ್ತೀನಿ ಅಂತ ಬರೀ ಬಾಯಿ ಮಾತು ಹೇಳಿದ್ರ ನಡಿಯಂಗಿಲ್ರಿ.

ತೋರಣಗಲ್ಲು_ಟು_ಟಂಡ್ರಾ:
ಅಕ್ಕಾರು ಹೇಳಿದ್ದು ಸರಿ. ನಾನಾಗಿದ್ರೆ ಆಗಸ್ಟ್ ಕೊನೇ ವಾರ. ಜೂನ್ ಜುಲೈನಲ್ಲಿ ಸೊಳ್ಳೆ ಅಂದ್ರೆ ನಿಮ್ಮ ಭತ್ತದ ಗದ್ದೆ ಸೊಳ್ಳೆನೇ ವಾಸಿ ಅನ್ಸುತ್ತೆ, ತಲೆಗೆ ಬಲೆ ಹಾಕ್ಕೊಂಡೇ ಊಟ. ಆಗಸ್ಟ್ ಕೊನೆಗೆ ಅದು ಕಮ್ಮಿ, ನೆಲ ಪೂರ್ತಿ ಕೆಂಪು ಹಳದಿ ತಿರುಗಿರುತ್ತೆ, ರಾತ್ರಿ ಸ್ವಲ್ಪ ಕತ್ತಲೂ ಆಗುತ್ತೆ, ಮೋಡ ಇಲ್ದಿದ್ರೆ ಅರೋರಾ ಚಾನ್ಸ್ ಐತೆ. ಸೆಪ್ಟೆಂಬರ್ ಆದ್ರೆ ಮೂಸ್ ಅನ್ನೋ ದೊಡ್ಡ ಜಿಂಕೆ ಬೇಟೆಯವರು ತುಂಬಾ ಬರ್ತಾರೆ.

ಇನ್ನು ರೊಟ್ಟಿ ಚಟ್ನಿ. ತಾ, ನಮಗೂ ಸ್ವಲ್ಪ ತಾ. ಕಸ್ಟಮ್ಸ್ ಫಾರ್ಮಲ್ಲಿ ತಿನ್ನೋ ಸಾಮಾನು ಐತೆ ಅಂತ ಡಿಕ್ಲೇರ್ ಮಾಡು, ಮುಚ್ಚಿಡಬೇಡ. ಆದ್ರೆ ಬೆಳ್ಳುಳ್ಳಿ ಹಾಕಿದ ಶೇಂಗಾ ಚಟ್ನಿ ವಾಸನೆ ಎಷ್ಟು ದೂರ ಹೋಗುತ್ತೆ ಯೋಚ್ನೆ ಮಾಡು. ಸಿಂಧನೂರಣ್ಣ ದರೋಜಿ ಅಂದ್ರಲ್ಲ, ಅಲ್ಲಿ ಸಂಜೆ ಬಂಡೆ ಮೇಲೆ ಸಿಹಿ ಹಚ್ಚಿ ಕರಡಿ ಕರೀತಾರೆ, ವಾಸನೆಗೇ ಬರ್ತವೆ. ಇಲ್ಲಿ ಅದೇ ವಾಸನೆ ನಿನ್ನ ಟೆಂಟಿಂದ ಬರಬಾರದು ಅಷ್ಟೇ. ಅಡುಗೆ ಟೆಂಟಿಂದ ನೂರು ಗಜ ದೂರ, ತಿನ್ನೋದು ಪೂರ್ತಿ, ಪೇಸ್ಟು ಸೋಪು ಕೊಬ್ಬರಿ ಎಣ್ಣೆ ಸಮೇತ, ಕರಡಿಗೆ ತೆಗೆಯೋಕಾಗದ ಗಟ್ಟಿ ಡಬ್ಬದಲ್ಲಿ ಹಾಕಿ ದೂರ ಇಡಬೇಕು. ಎತ್ತರದಲ್ಲಿ ಮರ ಇರಲ್ಲ ನೇತು ಹಾಕೋಕೆ. ಕರಡಿ ಓಡಿಸೋ ಬೇರ್ ಸ್ಪ್ರೇ ವಿಮಾನದಲ್ಲಿ ಕೈ ಬ್ಯಾಗಲ್ಲೂ ಬಿಡಲ್ಲ ಚೆಕ್‌ಇನ್‌ನಲ್ಲೂ ಬಿಡಲ್ಲ, ಒಲೆಯ ಗ್ಯಾಸ್ ಕ್ಯಾನೂ ಹಂಗೇ, ಇಲ್ಲಿ ಇಳಿದ ಮೇಲೇ ತಗೋ.

ಟೆಂಟಿಗೆ ನದಿ ದಂಡೆ ಜಲ್ಲಿ ಜಾಗ ಚೆನ್ನಾಗಿರುತ್ತೆ, ಗಾಳಿಗೆ ಸೊಳ್ಳೆ ನಿಲ್ಲಲ್ಲ, ಆದ್ರೆ ನೀರಿಂದ ಎತ್ತರದಲ್ಲಿ ಹಾಕು. ಹಿಮನದಿ ನೀರು ಬಿಸಿಲೇರಿದಂಗೆ ಕರಗಿ ಸಂಜೆಗೆ ಏರುತ್ತೆ, ಡ್ಯಾಮ್ ಗೇಟ್ ತೆಗೆದಂಗೆ ಸೈರನ್ ಹಾಕಿ ಯಾರೂ ಹೇಳಲ್ಲ. ಹುಲ್ಲಿನ ಟಂಡ್ರಾ ದೂರದಿಂದ ಮೈದಾನ ಥರ ಕಾಣುತ್ತೆ, ಒಳಗೆ ಕಾಲಿಟ್ರೆ ಮೊಣಕಾಲೆತ್ತರದ ಹುಲ್ಲಿನ ಗಡ್ಡೆ, ನಡುವೆ ನೀರು, ಕೆಳಗೆ ವರ್ಷಪೂರ್ತಿ ಹೆಪ್ಪುಗಟ್ಟಿದ ನೆಲ, ನೀರು ಇಂಗಲ್ಲ. ಅದ್ರಲ್ಲಿ ಮಲಗೋಕಾಗಲ್ಲ. ನೀರು ಕಾಯಿಸಿ ಕುಡಿ. ಸಂಡಾಸಿಗೆ ನೀರಿಂದ 60 ಮೀಟರ್ ದೂರ, ಆರೆಂಟು ಇಂಚು ಗುಂಡಿ ತೋಡಿ ಮುಚ್ಚು, ಪೇಪರ್ ವಾಪಸ್ ತಗೊಂಡು ಬಾ.

ಕೊನೇದು, ಎಲ್ಲರೂ ಮರೆಯೋದು. ಸಿಗ್ನಲ್ ಇಲ್ಲ ಅಂತ ಗಾರ್ಮಿನ್ ಇನ್‌ರೀಚ್ ಥರ ಸ್ಯಾಟಲೈಟ್ ಮೆಸೆಂಜರ್ ಬೇಕಾಗುತ್ತೆ, ಅದನ್ನ ಇಲ್ಲೇ ಬಾಡಿಗೆಗೆ ತಗೊಂಡು ಇಲ್ಲೇ ವಾಪಸ್ ಕೊಡು. ಖರೀದಿ ಮಾಡಿ ಊರಿಗೆ ಒಯ್ಯಬೇಡ, ಭಾರತದಲ್ಲಿ ಪರ್ಮಿಷನ್ ಇಲ್ದೆ ಅದನ್ನ ಇಟ್ಕೊಳೋದೇ ಅಪರಾಧ, ಏರ್‌ಪೋರ್ಟಲ್ಲಿ ಪೊಲೀಸ್ ಕೇಸ್ ಆಗಿರೋದು ಐತೆ.

ಸಿಂಧನೂರ್_ಭತ್ತ:
ಪೇಪರ್ ವಾಪಸ್ ತರಬೇಕಂತ!! ತಮ್ಮಾ ಇನ್ನೂ ಟೈಮ್ ಐತಿ, ದರೋಜಿ ಬಗ್ಗೆ ವಿಚಾರ ಮಾಡು.

ಗಂಗಾವತಿ_ಬಂಡೆ:
😂 ಆಗಸ್ಟ್ ಕೊನಿ ವಾರ, ಡೆನಾಲಿ ಹೈವೇ, ಫಿಕ್ಸ್. ನಮ್ಮ ಮಾಮಾನ್ನೂ ಎಳಕೊಂಡು ಬರ್ತೀನಿ, ಗಾಡಿ ಖರ್ಚು ಅರ್ಧ ಆಗ್ತತಿ. ಸ್ಲೀಪಿಂಗ್ ಬ್ಯಾಗ್ ಮ್ಯಾಲ ಎರಡೆರಡು ಟೆಂಪರೇಚರ್ ಬರದಿರ್ತಾರಲ್ಲ ಅಣ್ಣಾ, ಯಾವುದು ನೋಡ್ಬೇಕು?

ತೋರಣಗಲ್ಲು_ಟು_ಟಂಡ್ರಾ:
ಕಂಫರ್ಟ್ ಅಂತ ಇರೋದು ನೋಡು, ಲಿಮಿಟ್ ನೋಡಿ ತಗೋಬೇಡ. ಲಿಮಿಟ್ ಅಂದ್ರೆ ಮುದುರಿಕೊಂಡು ಹೆಂಗೋ ರಾತ್ರಿ ಕಳೆಯೋ ಲೆಕ್ಕ, 40 ಡಿಗ್ರೀಲಿ ಬೆಳೆದ ಮೈಗೆ ಅದು ಆಗಲ್ಲ. ಆ ಟೈಮಲ್ಲಿ ರಾತ್ರಿ ಸೊನ್ನೆ ಕೆಳಗೆ ಇಳಿಯುತ್ತೆ, ಕಂಫರ್ಟ್ ಮೈನಸ್ 7 ಹತ್ರ ಇರೋದು ತಗೋ. ಕೆಳಗೆ ಹಾಸೋ ಮ್ಯಾಟಲ್ಲಿ ದುಡ್ಡು ಉಳಿಸೋಕೆ ಹೋಗಬೇಡ, ಚಳಿ ನೆಲದಿಂದಲೇ ಹತ್ತೋದು.