ಕಾಲಿಗೆ ಮಲಗಿಸಿ ಮಾಡಿದ ಸ್ಕ್ಯಾನ್‌ನಲ್ಲಿ ನಾರ್ಮಲ್, ನಿಲ್ಲಿಸಿ ಮಾಡಿದರೆ ವೆರಿಕೋಸ್ (ಉಬ್ಬಿದ ರಕ್ತನಾಳ). ಯಾವುದನ್ನು ನಂಬಬೇಕು?

ದೋಸೆಮಾಸ್ಟರ್‌ಮಗಳು:
ಅಪ್ಪನಿಗೆ 26 ವರ್ಷದಿಂದ ದಾವಣಗೆರೆಯಲ್ಲಿ ಕಾವಲಿ ಮುಂದೆ ನಿಂತೇ ಕೆಲಸ. ಎಡಗಾಲಿನ ಮೀನಖಂಡದಲ್ಲಿ ನರ ಹಗ್ಗದ ಹಾಗೆ ಉಬ್ಬಿದೆ, ಕಣಕಾಲಿನ ಒಳಬದಿ ಚರ್ಮ ಕಪ್ಪಾಗಿದೆ, ತುರಿಕೆ ಬೇರೆ. ಹೋದ ತಿಂಗಳು ಒಂದು ಕಡೆ ಮಲಗಿಸಿ ಐದೇ ನಿಮಿಷದಲ್ಲಿ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಮುಗಿಸಿ 'ರಿಫ್ಲಕ್ಸ್ ಇಲ್ಲ', ಅಂದರೆ ರಕ್ತ ವಾಪಸ್ ಸೋರುತ್ತಿಲ್ಲ ಅಂತ ಬರೆದುಕೊಟ್ಟರು. ಮೊನ್ನೆ ಇನ್ನೊಂದು ಕಡೆ ಅರ್ಧ ಗಂಟೆ ನಿಲ್ಲಿಸಿಕೊಂಡು, ಕಾಲು ಹಿಂಡಿ ಹಿಂಡಿ ನೋಡಿ 'ಎಸ್‌ಎಫ್‌ಜೆ ಇನ್‌ಕಾಂಪಿಟೆಂಟ್, ಜಿಎಸ್‌ವಿ 8 ಮಿ.ಮೀ., ರಿಫ್ಲಕ್ಸ್ 2.4 ಸೆಕೆಂಡ್, ಡಿವಿಟಿ ಇಲ್ಲ' ಅಂತ ಕೊಟ್ಟಿದ್ದಾರೆ. ಇಷ್ಟು ಬೇಗ ಕೆಡುತ್ತಾ? ದುಡ್ಡು ಕೀಳೋಕೆ ಬರೆದಿದ್ದಾರೆ ಅಂತ ಅಪ್ಪನ ವಾದ. ಮತ್ತೆ ಪರದೆ ಮೇಲೆ ಕೆಂಪು ನೀಲಿ ಎರಡೂ ಬಂತು, ಕೆಂಪು ಅಂದ್ರೆ ಒಳ್ಳೆ ರಕ್ತ ಅಲ್ವಾ?

ಜೆಲ್‌ಬಾಟಲಿ:
ರೇಡಿಯಾಲಜಿಯವನು ನಾನು, ದಿನಾ ಇದೇ ಕೆಲಸ. ಈಗ ಕೆಟ್ಟಿದ್ದಲ್ಲ, ಮೊದಲೇ ಕೆಟ್ಟಿತ್ತು, ಮಲಗಿಸಿದ್ದಕ್ಕೆ ಕಾಣಲಿಲ್ಲ ಅನಿಸುತ್ತೆ.

ಕಾಲಿನ ರಕ್ತ ಮೇಲೆ ಹತ್ತಬೇಕು, ಕೆಳಗೆ ಜಾರದ ಹಾಗೆ ಒಳಗೆ ಸಣ್ಣ ಸಣ್ಣ ವಾಲ್ವ್‌ಗಳಿವೆ. ನಿಮ್ಮ ರಿಪೋರ್ಟಿನ ಜಿಎಸ್‌ವಿ ಅಂದರೆ ಕಾಲಿನ ಒಳಬದಿಯ ಮೇಲ್ಪದರದ ಉದ್ದ ನರ, ಎಸ್‌ಎಫ್‌ಜೆ ಅಂದರೆ ಅದು ತೊಡೆಸಂದಿನಲ್ಲಿ ಆಳದ ನರಕ್ಕೆ ಸೇರುವ ಜಾಗ, ಇನ್‌ಕಾಂಪಿಟೆಂಟ್ ಅಂದರೆ ಅಲ್ಲಿನ ವಾಲ್ವ್ ಸೋರುತ್ತಿದೆ, ಡಿವಿಟಿ ಅಂದರೆ ಆಳದ ನರದಲ್ಲಿ ರಕ್ತ ಹೆಪ್ಪುಗಟ್ಟುವುದು. ವಾಲ್ವ್ ಸೋರುತ್ತಾ ಅಂತ ನೋಡಬೇಕಾದರೆ ಅದರ ಮೇಲೆ ರಕ್ತದ ಭಾರ ಬೀಳಬೇಕು, ಮಲಗಿದಾಗ ಆ ಭಾರವೇ ಇರುವುದಿಲ್ಲ. ಅದಕ್ಕೇ ಮೈಭಾರವನ್ನೆಲ್ಲ ಇನ್ನೊಂದು ಕಾಲಿನ ಮೇಲೆ ಹಾಕಿಸಿ ನಿಲ್ಲಿಸುತ್ತೇವೆ, ತೊಡೆಸಂದಿನಲ್ಲಿ ಪ್ರೋಬ್ (ಸ್ಕ್ಯಾನ್ ಮಾಡುವ ಹಿಡಿಕೆ) ಇಟ್ಟು ಮೀನಖಂಡ ಹಿಂಡಿ ತಟ್ಟನೆ ಬಿಡುತ್ತೇವೆ. ಹಿಂಡಿದಾಗ ರಕ್ತ ಮೇಲೆ ಹೋಗುತ್ತೆ. ಬಿಟ್ಟಾಗ ಒಳ್ಳೆ ವಾಲ್ವ್ ಅರ್ಧ ಸೆಕೆಂಡಿನೊಳಗೆ ಮುಚ್ಚಿಕೊಳ್ಳುತ್ತೆ, ಕೆಟ್ಟಿದ್ದರೆ ರಕ್ತ ವಾಪಸ್ ಬೀಳುತ್ತಲೇ ಇರುತ್ತೆ, ಪರದೆ ಮೇಲಿನ ಗ್ರಾಫ್ ಸೊನ್ನೆ ಗೆರೆಯ ಆಚೆ ಬದಿಗೆ ತಿರುಗುತ್ತೆ. ಅಷ್ಟು ಹೊತ್ತನ್ನು ಅಳೆದಿದ್ದೇ ನಿಮ್ಮ 2.4. ಮೇಲ್ಪದರದ ನರಕ್ಕೆ 0.5 ಸೆಕೆಂಡ್ ದಾಟಿದರೆ ರಿಫ್ಲಕ್ಸ್ ಅಂತ ಲೆಕ್ಕ, ತೊಡೆಯ ಮತ್ತು ಮಂಡಿ ಹಿಂದಿನ ಆಳದ ದೊಡ್ಡ ನರಗಳಿಗೆ 1 ಸೆಕೆಂಡ್. ಹಾಗಂತ ಸೆಕೆಂಡ್ ಡಬಲ್ ಇದ್ದವರಿಗೆ ಕಾಯಿಲೆಯೂ ಡಬಲ್ ಅಂತಲ್ಲ. ನನಗೆ ಸೆಕೆಂಡಿಗಿಂತ ಆ ಕಪ್ಪಾದ ಚರ್ಮದ್ದೇ ಚಿಂತೆ, ಬಿಟ್ಟರೆ ಅಲ್ಲೇ ಹುಣ್ಣಾಗಬಹುದು.

ಬಣ್ಣಕ್ಕೂ ರಕ್ತ ಒಳ್ಳೆಯದೋ ಕೆಟ್ಟದೋ ಅನ್ನುವುದಕ್ಕೂ ಸಂಬಂಧವೇ ಇಲ್ಲ. ಪ್ರೋಬ್ ಕಡೆಗೆ ಬರುವ ರಕ್ತಕ್ಕೆ ಒಂದು ಬಣ್ಣ, ದೂರ ಹೋಗುವುದಕ್ಕೆ ಇನ್ನೊಂದು, ಒಂದು ಬಟನ್ ಒತ್ತಿದರೆ ಅದಲುಬದಲು.

ಮಾಜಿಕಂಡಕ್ಟರ್:
ಕಣ್ಣಿಗೇ ಕಾಣುತ್ತಲ್ಲ, ಸ್ಕ್ಯಾನ್ ಯಾಕೆ ಅಂತ ನಾನೂ ಜಗಳ ಮಾಡಿದ್ದೆ. ಉಬ್ಬಿದ್ದು ಮೀನಖಂಡದಲ್ಲಿ, ಸೋರುತ್ತಿದ್ದದ್ದು ಮಂಡಿ ಹಿಂದೆ! ಅದು ಗೊತ್ತಾಗದೆ ಲೇಸರ್ (ಕೆಟ್ಟ ನರವನ್ನು ಒಳಗಿಂದ ಸುಟ್ಟು ಮುಚ್ಚುವ ಚಿಕಿತ್ಸೆ) ಹಾಕಿದ್ದರೆ ಎಲ್ಲಿಗೆ ಹಾಕುತ್ತಿದ್ದರೋ. ತಿಂಡಿ ತಿಂದೇ ಹೋಗಿ, ನಿಂತು ನಿಂತು ನನಗೆ ಅರ್ಧದಲ್ಲೇ ತಲೆ ಸುತ್ತು ಬಂದಿತ್ತು.

ಹಳ್ಳಿಮದ್ದು77:
ಸುಮ್ನೆ ಎಳ್ಳೆಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿ ಸಾರ್.

ಜೆಲ್‌ಬಾಟಲಿ:
ಗಟ್ಟಿಯಾಗಿ ತಿಕ್ಕುವುದು ಬೇಡ, ಕೆಟ್ಟ ವಾಲ್ವ್ ಅದರಿಂದ ಸರಿಹೋಗುವುದಿಲ್ಲ. ಒಂದು ಕಾಲು ಇದ್ದಕ್ಕಿದ್ದಂತೆ ಊದಿ ನೋವು ಬಂದರಂತೂ ತಿಕ್ಕುವುದಿರಲಿ, ಅವತ್ತೇ ಆಸ್ಪತ್ರೆಗೆ ಓಡಿ. ಒಳಗೆ ರಕ್ತ ಹೆಪ್ಪುಗಟ್ಟಿದೆಯಾ ಅಂತ ನೋಡಲು ಮಲಗಿಸಿ ಮಾಡುವ ಸ್ಕ್ಯಾನೇ ಸಾಕು. ಪ್ರೋಬ್‌ನಿಂದ ಒತ್ತಿದಾಗ ನರ ಚಪ್ಪಟೆಯಾದರೆ ಅಲ್ಲಿ ಹೆಪ್ಪಿಲ್ಲ. ಬಹುಶಃ ಮೊದಲಿನವರು ಅಷ್ಟನ್ನೇ ನೋಡಿ ಕಳಿಸಿರಬೇಕು.

ದೋಸೆಮಾಸ್ಟರ್‌ಮಗಳು:
ಇದನ್ನೆಲ್ಲ ಓದಿ ಹೇಳಿದೆ. ಅಪ್ಪನದು ಈಗ ಒಂದೇ ಪ್ರಶ್ನೆ, ಲೇಸರ್ ಆದ ಮೇಲೆ ಎಷ್ಟನೇ ದಿನಕ್ಕೆ ಕಾವಲಿ ಮುಂದೆ ನಿಲ್ಲಬಹುದು?

ಮಾಜಿಕಂಡಕ್ಟರ್:
ನನ್ನನ್ನು ಅವತ್ತೇ ನಡೆಸಿದರು. ನಿಂತೇ ಇರುವ ಕೆಲಸಕ್ಕೆ ಹತ್ತು ದಿನ ಬಿಟ್ಟು ಹೋದೆ, ಬಿಗಿ ಸಾಕ್ಸ್ ಹಾಕಿಕೊಂಡು. ನಿಮ್ಮ ಡಾಕ್ಟರನ್ನು ಕೇಳಿ, ವಾರದ ಮೇಲೆ ಮತ್ತೆ ಸ್ಕ್ಯಾನ್‌ಗೆ ಕರೆದರೆ ತಪ್ಪಿಸಬೇಡಿ.