ಅಪ್‌ಡೇಟ್: ಕ್ಯಾಮೆಲಿಯಾ ಎಲೆ ಹಳದಿಯಾಗಿದ್ದು ಬೋರ್ ನೀರಿನಿಂದ
ಊಟಿಯಿಂದ ತಂದ ಕ್ಯಾಮೆಲಿಯಾ ಹೂವಿನ ಗಿಡ ಬೆಂಗಳೂರಿನ ನಮ್ಮ ಬಾಲ್ಕನಿಯಲ್ಲಿ ಎಲೆಯೆಲ್ಲಾ ಹಳದಿಯಾಗುತ್ತಿದೆ, ನರ ಮಾತ್ರ ಹಸಿರಾಗಿದೆ ಅಂತ ಕೇಳಿದ್ದೆನಲ್ಲ, ಈಗ ಹೊಸ ಚಿಗುರು ಹಸಿರಾಗಿಯೇ ಬರುತ್ತಿದೆ! ಬೋರ್ ನೀರು ಬಿಟ್ಟು ಮಳೆ ನೀರು ಹಾಕಿ, ಜೊತೆಗೆ ಚಿಲೇಟೆಡ್ ಐರನ್ (ಬೇರಿಗೆ ಸುಲಭವಾಗಿ ಸಿಗುವ ರೂಪದ ಕಬ್ಬಿಣ) ಕೊಡಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಗಡಸು ನೀರಿನಿಂದ ಕುಂಡದ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ, ಕಡಿಮೆ ಇದ್ದಷ್ಟೂ ಹುಳಿ) 7 ದಾಟಿತ್ತು. ಈ ಗಿಡಕ್ಕೆ ಬೇಕಿರುವುದು 5.5ರಿಂದ 6.5, ಹಾಗಾಗಿ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುತ್ತಿರಲಿಲ್ಲ. ಎಪ್ಸಮ್ ಸಾಲ್ಟ್‌ನಿಂದ ಏನೂ ಆಗಲಿಲ್ಲ, ಅದರಲ್ಲಿರುವುದು ಕಬ್ಬಿಣ ಅಲ್ಲ, ಮೆಗ್ನೀಸಿಯಂ ಅಲ್ವಾ. ಕಾಫಿ ಚರಟ ಹಾಕಿದ್ದಕ್ಕೆ ಬರೀ ಬೂಷ್ಟು ಬಂತು. ಹಳೇ ಎಲೆಗಳು ಇನ್ನೂ ಹಳದಿಯಾಗೇ ಇವೆ, ಸುಮ್ನೆ ಕೀಳಬೇಡಿ. ಅಂದಹಾಗೆ ನಾವು ಕುಡಿಯುವ ಟೀ ಗಿಡವೂ ಒಂದು ಕ್ಯಾಮೆಲಿಯಾನೇ ಅಂತೆ, ಅದಕ್ಕೂ ಹುಳಿ ಮಣ್ಣೇ ಬೇಕು! ಹೂ ಬಿಡುತ್ತಾ ಅಂತ ಚಳಿಗಾಲದಲ್ಲಿ ನೋಡಬೇಕು.